ರದ್ದಾದ ಪರೀಕ್ಷೆ, ಫ್ರಿಜ್ ಮೇಲಿನ ಚೀಟಿ

2024 ಜೂನ್ 20, ಗುರುವಾರ
ಗೋಣಿಕೊಪ್ಪ

ನಿನ್ನೆ ರಾತ್ರಿ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಾ ಫೋನ್ ನೋಡಿದೆ. ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಾಲು: ನೆಟ್ ಕ್ಯಾನ್ಸಲ್. ಯಾರೋ ಸುಮ್ನೆ ತಮಾಷೆ ಮಾಡಿದ್ದಾರೆ ಅಂದುಕೊಂಡೆ. ಟಿವಿ ಹಾಕಿದರೆ ನಿಜ. ಮಂಗಳವಾರ ಬರೆದ ನೆಟ್, ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದ ಅರ್ಹತಾ ಪರೀಕ್ಷೆ, ಬುಧವಾರ ರಾತ್ರಿ ರದ್ದು. ದೇಶದಲ್ಲಿ 9 ಲಕ್ಷಕ್ಕೂ ಜಾಸ್ತಿ ಜನ ಬರೆದಿದ್ದರಂತೆ. "ಎಲ್ಲರಿಗೂ ಒಂದು ದಿನ ವೇಸ್ಟ್ ಆಯ್ತು, ಅಲ್ವಾ?" ಅಂದರು ಇವರು. ನಾನು ಮಾತಾಡಲಿಲ್ಲ.

ಆ ಒಂದು ದಿನಕ್ಕೆ ಮೂರು ವಾರದಿಂದ ಏರ್ಪಾಡು ಮಾಡಿದ್ದೆ. ಸೆಂಟರ್ ಮೈಸೂರು. ತಿತಿಮತಿ, ಹುಣಸೂರು ದಾಟಿ ಹೋಗಬೇಕು, ಮಳೆಗೆ ಎಲ್ಲಾದರೂ ಮರ ಬಿದ್ದರೆ ಕಥೆ ಮುಗೀತು, ಹಾಗಾಗಿ ಹಿಂದಿನ ದಿನವೇ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಹೊರಡುವ ಮುಂಚೆ ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದೆ. ಚಿಕ್ಕವಳಿಗೆ ಕೆಮ್ಮಿನ ಸಿರಪ್ ಊಟ ಆದ ಮೇಲೆ. ಅತ್ತೆಯ ಬಿಪಿ ಮಾತ್ರೆ ಬೆಳಿಗ್ಗೆ. ಹಾಲಿನವನ ದುಡ್ಡು ಅಕ್ಕಿ ಡಬ್ಬದ ಹಿಂದೆ. ಯೂನಿಫಾರಂ ಒಣಗಿಲ್ಲ, ಒಲೆ ಹತ್ತಿರ ಹಾಕಿ, ತೀರಾ ಹತ್ತಿರ ಬೇಡ.

ಇವರು ಕಳೆದ ತಿಂಗಳು ಮೂರು ದಿನ ಬೆಂಗಳೂರಿಗೆ ಹೋಗಿದ್ದರು. ಬ್ಯಾಗ್ ತಗೊಂಡರು, ಹೋದರು. ಅಷ್ಟೇ.

ನನಗೀಗ 34. ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಗೆ ವಯಸ್ಸಿನ ಮಿತಿ ಇಲ್ಲ. ಇದೇ ಪರೀಕ್ಷೆಯಿಂದ ಸಿಗುವ ಸಂಶೋಧನಾ ವೇತನ ಜೆಆರ್‌ಎಫ್‌ಗೆ ಇದೆ, 30. ಹೆಂಗಸರಿಗೆ 5 ವರ್ಷ ವಿನಾಯಿತಿ. ಸಿಕ್ಕರೆ ಪಿಎಚ್‌ಡಿ ಮಾಡಲು ತಿಂಗಳಿಗೆ 37,000 ರೂಪಾಯಿ, ಅದು ನನ್ನ ಈಗಿನ ಸಂಬಳಕ್ಕಿಂತ ಜಾಸ್ತಿ. ಆದರೆ ಆ 5 ವರ್ಷ ಓದಲು ಸಿಕ್ಕಿದ್ದಲ್ಲ. ಎರಡನೇ ಹೆರಿಗೆ, ಮಾವ ಹಾಸಿಗೆ ಹಿಡಿದದ್ದು, ಎಲ್ಲ ಅದರಲ್ಲೇ ಖರ್ಚಾಯಿತು. ಆ ವೇತನಕ್ಕೆ ಇನ್ನು ಒಂದೋ ಎರಡೋ ಸಲ ಬರೆಯಬಹುದು. ಅದರಲ್ಲಿ ಒಂದು ಹೀಗಾಯಿತು.

ಪಿಎಚ್‌ಡಿ ನಿಯಮದಲ್ಲೂ ಮುಗಿಸಲು ಹೆಂಗಸರಿಗೆ 6 ವರ್ಷದ ಮೇಲೆ ಇನ್ನೂ 2 ವರ್ಷ ಇದೆ, 240 ದಿನ ಹೆರಿಗೆ ರಜೆ ಇದೆ. ಒಳ್ಳೆಯದೇ. ಆದರೆ ನನ್ನ ಗೆಳತಿಗೆ ಗೈಡ್ ಕೇಳಿದ ಮೊದಲ ಪ್ರಶ್ನೆ ಟಾಪಿಕ್ ಯಾವುದು ಅಂತಲ್ಲ, ಮದುವೆ ಯಾವಾಗ ಅಂತ.

ಎಂಟು ವರ್ಷದಿಂದ ಅತಿಥಿ ಉಪನ್ಯಾಸಕಿ. ನಮ್ಮ ಕೊಡಗಿನಲ್ಲಿ ಅತಿಥಿಗೆ ಊಟ ಹಾಕದೆ ಕಳಿಸುವುದಿಲ್ಲ, ಈ ಅತಿಥಿಯನ್ನು ಮಾತ್ರ ವರ್ಷಾವರ್ಷ ಬಿಡುಗಡೆ ಮಾಡಿ, ಮತ್ತೆ ಅರ್ಜಿ ಹಾಕಿಸಿಕೊಳ್ಳುತ್ತಾರೆ. 2021-22ರ ಲೆಕ್ಕದಲ್ಲಿ ದೇಶದ ಉನ್ನತ ಶಿಕ್ಷಣದ ಪಾಠ ಮಾಡುವವರಲ್ಲಿ ನೂರಕ್ಕೆ 43 ಹೆಂಗಸರು ಅಂತ ಓದಿದ್ದೆ. ಅದರಲ್ಲಿ ಪರ್ಮನೆಂಟ್ ಎಷ್ಟು, ನನ್ನಂಥವರು ಎಷ್ಟು? ನಮ್ಮ ಸ್ಟಾಫ್ ರೂಮಿನ ಕಥೆ ಹೇಳುತ್ತೇನೆ: ಕಿಟಕಿ ಪಕ್ಕದ ಬೀಗ ಇರುವ ಮೇಜುಗಳು ಪರ್ಮನೆಂಟ್ ಸರ್‌ಗಳದ್ದು. ಬಾಗಿಲ ಹತ್ತಿರದ ಉದ್ದ ಬೆಂಚಿನಲ್ಲಿ ನಾವು ಆರು ಜನ ಮೇಡಂಗಳು, ಮಳೆ ಜೋರಾದರೆ ಇರಚಲು ನಮ್ಮ ನೋಟ್ಸಿನ ಮೇಲೆ.

ಇವತ್ತು ಬೆಳಿಗ್ಗೆ ಚೀಟಿ ಕೀಳಲು ಹೋದೆ. ಅತ್ತೆ ಒಲೆ ಮುಂದೆ ಕೂತಿದ್ದರು.

"ಮತ್ತೆ ಯಾವಾಗ ಪರೀಕ್ಷೆ?"

"ತಾರೀಕು ಹೇಳಿಲ್ಲ."

"ಹಾಗಾದ್ರೆ ಅದು ಅಲ್ಲೇ ಇರಲಿ ಬಿಡು. ಮಾತ್ರೆ ಬೆಳಿಗ್ಗೆ ಅಲ್ಲ, ರಾತ್ರಿ. ಅದೊಂದು ತಿದ್ದು."