ರಗ್ಬಿಯ ಸಹಾಯಕ ರೆಫರಿ ಎಲ್ಲಿ ನೋಡಬೇಕು?

ರಗ್ಬಿ ನೋಡಲು ಹೊಸದಾಗಿ ಆರಂಭಿಸಿದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ಮೈದಾನದ ಪಕ್ಕದ ಗೆರೆಯಾದ ಟಚ್‌ಲೈನಿನ ಉದ್ದಕ್ಕೂ ಬಾವುಟ ಹಿಡಿದು ಓಡುವ ಇಬ್ಬರು ಸಹಾಯಕರು, ಚೆಂಡು ಹೊರಹೋದುದನ್ನು ತೋರಿಸುವುದರ ಹೊರತು ರೆಫರಿಗೆ ಹೇಗೆ ನೆರವಾಗಬಲ್ಲರು? ರೆಫರಿಯ ನೋಟ ತಲುಪದ ಕಡೆ ತಮ್ಮ ನೋಟವನ್ನು ನೆಡುವುದೇ ಅವರ ನಿಜವಾದ ಕೆಲಸವೆಂದು ನಾನು ನಂಬಿದ್ದೇನೆ.

ಸ್ಕ್ರಮ್ ನಡೆಯುವಾಗ, ಅಂದರೆ ಎರಡೂ ತಂಡಗಳ ಎಂಟೆಂಟು ಮಂದಿ ಬಾಗಿ ಹೆಣೆದುಕೊಂಡು ಚೆಂಡಿಗಾಗಿ ತಳ್ಳಾಡುವಾಗ, ರೆಫರಿ ಒಂದು ಬದಿಯಲ್ಲಿ ನಿಂತಿರುತ್ತಾರೆ. ಹದಿನಾರು ಮಂದಿಯ ಆಚೆ ಬದಿಯಲ್ಲಿರುವ ಪ್ರಾಪ್ (ಮುಂದಿನ ಸಾಲಿನ ತುದಿಯ) ಆಟಗಾರನು ಎದುರಾಳಿಯ ಜೆರ್ಸಿಯನ್ನು ನಿಯಮದಂತೆ ಹಿಡಿದಿದ್ದಾನೆಯೋ ಅಥವಾ ತೋಳು ಹಿಡಿದು ಕೆಳಗೆಳೆಯುತ್ತಿದ್ದಾನೆಯೋ ಎಂಬುದು ಆ ಬದಿಯ ಸಹಾಯಕನಿಗಷ್ಟೇ ಚೆನ್ನಾಗಿ ಕಾಣುತ್ತದೆ. ಸ್ಕ್ರಮ್ ಕುಸಿದರೆ ಆಟಗಾರರ ಕುತ್ತಿಗೆಗೇ ಅಪಾಯವಿರುವುದರಿಂದ ಇದನ್ನು ನಾನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ. ಹೊರಹೋದ ಚೆಂಡನ್ನು ಟಚ್‌ಲೈನಿನಿಂದ ಎರಡೂ ತಂಡಗಳ ಸಾಲುಗಳ ನಡುವೆ ಎಸೆದು ಆಟ ಮುಂದುವರಿಸುವ ಲೈನ್‌ಔಟ್‌ನಲ್ಲಿ, ಅದರಲ್ಲಿ ಭಾಗವಹಿಸದ ಆಟಗಾರರು 10 ಮೀಟರ್ ಹಿಂದೆ ನಿಂತಿದ್ದಾರೆಯೇ ಎಂದು ನೋಡುವುದು ದೂರದ ಸಹಾಯಕನ ಪಾಲಿನದು.

2007ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ, ಕಾರ್ಡಿಫ್‌ನಲ್ಲಿ, ಫ್ರಾನ್ಸ್ ನ್ಯೂಜಿಲೆಂಡ್ ತಂಡವನ್ನು 20–18ರಿಂದ ಸೋಲಿಸಿತು. ಫ್ರಾನ್ಸ್‌ನ ನಿರ್ಣಾಯಕ ಟ್ರೈಗೆ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸುವುದಕ್ಕೆ) ಮೊದಲು ಆ ತಂಡದ ಮಿಶಲಾಕ್‌ಗೆ ಬಂದ ಪಾಸ್, ನಿಯಮಕ್ಕೆ ವಿರುದ್ಧವಾಗಿ, ಮುಂದಕ್ಕೆ ಹೋಗಿತ್ತು. ಆದರೂ ರೆಫರಿ ಸೀಟಿ ಊದಲಿಲ್ಲ. ಹಠಾತ್ತಾಗಿ ಶುರುವಾದ ದಾಳಿಯಲ್ಲಿ ರೆಫರಿ ಹಿಂದೆ ಉಳಿಯುವುದು ಸಹಜ, ಮತ್ತು ಪಾಸ್ ಕೊಡುವವನ ನೇರದಲ್ಲಿ ನಿಂತವರಿಗೇ ಅದರ ದಿಕ್ಕು ಸರಿಯಾಗಿ ತಿಳಿಯುತ್ತದೆ. ಆದ್ದರಿಂದಲೇ ಸಹಾಯಕನು ಚೆಂಡಿನ ಹಿಂದೆ ಓಡಿದರೆ ಸಾಲದು, ಅದರ ಸಮಕ್ಕೆ ಓಡಬೇಕು.

ತನ್ನ ಅರ್ಧದಿಂದ ಒದ್ದ ಚೆಂಡು ಪುಟಿದು, ಎದುರಾಳಿಯ ಗೋಲ್ ಗೆರೆಯಿಂದ 22 ಮೀಟರ್ ಒಳಗಿನ ವಲಯದಲ್ಲಿ ಹೊರಹೋದರೆ ಒದ್ದ ತಂಡಕ್ಕೇ ಲೈನ್‌ಔಟ್‌ನ ಎಸೆತ ಕೊಡುವ 50:22 ನಿಯಮ ಬಂದ ಮೇಲೆ ಇಬ್ಬರು ಸಹಾಯಕರ ಹೊಂದಾಣಿಕೆ ಇನ್ನಷ್ಟು ಅಗತ್ಯವಾಗಿದೆ. ಚೆಂಡು ಪುಟಿದು ಎದುರಾಳಿಯ 22 ಮೀಟರ್ ವಲಯದಲ್ಲಿ ಹೊರಹೋದುದನ್ನು ಒಬ್ಬರು ನೋಡಿದರೆ, ಒದ್ದವನು ತನ್ನ ಅರ್ಧದಲ್ಲೇ ಇದ್ದನೇ ಎಂಬುದನ್ನು ಇನ್ನೊಬ್ಬರು ಹೇಳಬೇಕಾಗಬಹುದು.

ಕಂಡದ್ದನ್ನೆಲ್ಲ ಮೈಕ್‌ನಲ್ಲಿ ಹೇಳುತ್ತಾ ಹೋಗುವುದು ನೆರವಲ್ಲ. ಯಾವುದನ್ನು ತಕ್ಷಣ ಹೇಳಬೇಕು, ಯಾವುದನ್ನು ಆಟ ನಿಂತ ಮೇಲೆ ಹೇಳಬೇಕು ಎಂಬುದನ್ನು ಮೂವರೂ ಪಂದ್ಯಕ್ಕೆ ಮುಂಚೆಯೇ ಮಾತಾಡಿಕೊಂಡಿರಬೇಕು. ಅಪಾಯಕಾರಿ ಆಟವನ್ನು ಕಂಡಾಗ ಸಹಾಯಕನು ಬಾವುಟವನ್ನು ಮೈದಾನದ ಕಡೆಗೆ ಅಡ್ಡಲಾಗಿ ಚಾಚುತ್ತಾನೆ. ರೆಫರಿ ಕೇಳಿದಾಗ ತಂಡ, ಜೆರ್ಸಿಯ ಸಂಖ್ಯೆ, ನಡೆದ ಘಟನೆ, ತನಗೆ ತೋಚಿದ ಶಿಕ್ಷೆ, ಇಷ್ಟನ್ನೇ ಹೇಳಿ ಗೆರೆಗೆ ಮರಳುತ್ತಾನೆ. ಕಾರ್ಡ್ ತೋರಿಸುವ ನಿರ್ಧಾರ ರೆಫರಿಯದು.