ಸೋನಿಗೆ ಸಿಕ್ಕಿದ್ದ ಐದು ತಿಂಗಳು

ವಿವಾದಿತ ಸಿನಿಮಾ ಒಂದರ ಕಾರಣಕ್ಕೆ ಕಂಪನಿಯ ಮೇಲೆ ಸೈಬರ್ ದಾಳಿ ನಡೆದರೆ ಅದು ಹೇಗೆ ನಡೆದುಕೊಳ್ಳಬೇಕು ಎಂಬ ಚರ್ಚೆ ಬಂದಾಗಲೆಲ್ಲ ಹಾಲಿವುಡ್ ಸ್ಟುಡಿಯೊ ಸೋನಿ ಪಿಕ್ಚರ್ಸ್‌ನ 2014ರ ಪ್ರಕರಣ ನೆನಪಾಗುತ್ತದೆ. ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್ ಅವರ ಹತ್ಯೆಯ ಸಂಚನ್ನೇ ಹಾಸ್ಯದ ವಸ್ತುವಾಗಿಸಿಕೊಂಡ ‘ದಿ ಇಂಟರ್‌ವ್ಯೂ’ ಚಿತ್ರದ ಬಿಡುಗಡೆಯನ್ನು ಆ ಕಂಪನಿ ಡಿಸೆಂಬರ್ 17ರಂದು ರದ್ದುಗೊಳಿಸಿತು. ಅದು ಶರಣಾಗತಿಯೋ ವಿವೇಕವೋ ಎಂದು ಇಂದಿಗೂ ವಾದಿಸುವವರಿದ್ದಾರೆ. ಆ ದಿನ ಬರುವಷ್ಟರಲ್ಲಿ ಕಂಪನಿಯ ಕೈಯಲ್ಲಿ ಒಳ್ಳೆಯ ಆಯ್ಕೆಗಳೇ ಉಳಿದಿರಲಿಲ್ಲವಾದ್ದರಿಂದ ಆ ವಾದದಲ್ಲಿ ನಾನು ಯಾರ ಪಕ್ಷವನ್ನೂ ಹಿಡಿಯಲಾರೆ. ನನ್ನ ತಕರಾರು ಇರುವುದು ಅದರ ಹಿಂದಿನ ತಿಂಗಳುಗಳ ಬಗ್ಗೆ.

ಉತ್ತರ ಕೊರಿಯಾದ ವಿದೇಶಾಂಗ ಸಚಿವಾಲಯ ಈ ಚಿತ್ರವನ್ನು ಯುದ್ಧಕೃತ್ಯಕ್ಕೆ ಸಮನೆಂದು ಬಣ್ಣಿಸಿ, ಬಿಡುಗಡೆಯಾದರೆ ನಿರ್ದಯವಾಗಿ ಪ್ರತಿಕ್ರಿಯಿಸುವುದಾಗಿ ಹೇಳಿದ್ದು 2014ರ ಜೂನ್ ಕೊನೆಯ ವಾರದಲ್ಲಿ. ಆ ದೇಶದ ರಾಯಭಾರಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಬಾನ್ ಕಿ ಮೂನ್ ಅವರಿಗೆ ದೂರಿನ ಪತ್ರವನ್ನೂ ಬರೆದರು. ಇವೆಲ್ಲ ಬಾಯಿಮಾತಿನ ಆರ್ಭಟ ಎಂದು ತಳ್ಳಿಹಾಕಲು ಆಗಲೇ ಕಾರಣವಿರಲಿಲ್ಲ. 2013ರ ಮಾರ್ಚ್ 20ರಂದು ದಕ್ಷಿಣ ಕೊರಿಯಾದ ಟಿವಿ ವಾಹಿನಿಗಳು ಮತ್ತು ಬ್ಯಾಂಕುಗಳ ಸಾವಿರಾರು ಕಂಪ್ಯೂಟರ್‌ಗಳ ಹಾರ್ಡ್ ಡಿಸ್ಕನ್ನು ಅಳಿಸಿಹಾಕುವ ದಾಳಿ ನಡೆದಿತ್ತು. ಅದರ ಹಿಂದೆ ಉತ್ತರ ಕೊರಿಯಾ ಇದೆ ಎಂದು ದಕ್ಷಿಣ ಕೊರಿಯಾ ಸರ್ಕಾರ ಬಹಿರಂಗವಾಗಿಯೇ ಹೇಳಿತ್ತು. ಸೋನಿ ಸಮೂಹಕ್ಕೂ ಹ್ಯಾಕರ್‌ಗಳು ಹೊಸಬರಲ್ಲ. 2011ರಲ್ಲಿ ಅದರ ಪ್ಲೇಸ್ಟೇಷನ್ ನೆಟ್‌ವರ್ಕ್‌ನ 7.7 ಕೋಟಿ ಖಾತೆಗಳ ಮಾಹಿತಿ ಕಳವಾಗಿತ್ತು.

ಇಷ್ಟೆಲ್ಲ ತಿಳಿದಿದ್ದ ಕಂಪನಿ ಜೂನ್‌ನಿಂದ ನವೆಂಬರ್‌ವರೆಗೆ ಸಿನಿಮಾ ಕುರಿತು ಮಾಡಿದ ಕೆಲಸ ಮುಖ್ಯವಾಗಿ ಎರಡು. ಅಕ್ಟೋಬರ್ 10ಕ್ಕೆ ನಿಗದಿಯಾಗಿದ್ದ ಬಿಡುಗಡೆಯನ್ನು ಕ್ರಿಸ್‌ಮಸ್‌ಗೆ ಮುಂದೂಡಿತು. ನಾಯಕನ ಸಾವಿನ ದೃಶ್ಯದಲ್ಲಿ ಎಷ್ಟು ಬೆಂಕಿ, ಎಷ್ಟು ರಕ್ತ ಇರಬೇಕೆಂದು ಟೋಕಿಯೊದಲ್ಲಿರುವ ಮಾತೃಸಂಸ್ಥೆ ಸೋನಿಯ ಮುಖ್ಯಸ್ಥ ಕಜುವೊ ಹಿರಾಯ್, ಸ್ಟುಡಿಯೊದ ಏಮಿ ಪ್ಯಾಸ್ಕಲ್ ಮತ್ತು ನಿರ್ದೇಶಕರಲ್ಲೊಬ್ಬರಾದ ಸೇಥ್ ರೋಗನ್ ನಡುವೆ ಚೌಕಾಸಿ ನಡೆಯಿತು. ಮುಂದೆ ಸೋರಿಕೆಯಾದ ಇಮೇಲ್‌ಗಳಿಂದಲೇ ಇದು ಲೋಕಕ್ಕೆ ತಿಳಿದದ್ದು ಎಂಬುದು ಈ ಕಥೆಯ ವ್ಯಂಗ್ಯಗಳಲ್ಲಿ ಒಂದು. ಬೆದರಿಕೆಯನ್ನು ಅವರು ಗಂಭೀರವಾಗಿ ತೆಗೆದುಕೊಂಡಿದ್ದರು, ನಿಜ. ಆದರೆ ಅದನ್ನು ಎಡಿಟಿಂಗ್ ಕೋಣೆಯಲ್ಲಿ ಬಗೆಹರಿಸಬಹುದಾದ ಸಮಸ್ಯೆ ಎಂದು ಭಾವಿಸಿದರು. ಕೆಲವು ಸೆಕೆಂಡುಗಳ ದೃಶ್ಯವನ್ನು ಮೃದುಗೊಳಿಸಿದರೆ ಸಮಾಧಾನಗೊಳ್ಳುವ ಎದುರಾಳಿ ಅಲ್ಲಿರಲಿಲ್ಲ.

ನವೆಂಬರ್ 21ರಂದು ಹಣ ಕೇಳುವ ಇಮೇಲೊಂದು ಉನ್ನತ ಅಧಿಕಾರಿಗಳಿಗೆ ಬಂತು. ಮೂರು ದಿನಗಳ ನಂತರ, ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯ ಕಚೇರಿಗೆ ಬಂದ ನೌಕರರ ಕಂಪ್ಯೂಟರ್ ಪರದೆಗಳ ಮೇಲೆ ಕೆಂಪು ಅಸ್ಥಿಪಂಜರದ ಚಿತ್ರ ಮೂಡಿತು. ತಮ್ಮನ್ನು ‘ಗಾರ್ಡಿಯನ್ಸ್ ಆಫ್ ಪೀಸ್’ ಎಂದು ಕರೆದುಕೊಂಡ ದಾಳಿಕೋರರು 6,800ರಷ್ಟು ಕಂಪ್ಯೂಟರ್‌ಗಳಲ್ಲಿ 3,200ಕ್ಕೂ ಹೆಚ್ಚನ್ನು, 1,555 ಸರ್ವರ್‌ಗಳಲ್ಲಿ 837ನ್ನು ಅಳಿಸಿಹಾಕಿದ್ದರು. ಅದಕ್ಕೂ ಮೊದಲು ಒಳಗಿನ ದತ್ತಾಂಶವನ್ನು ಹೊರಗೆ ಸಾಗಿಸಿಯಾಗಿತ್ತು. ಬಿಡುಗಡೆಯಾಗದ ಸಿನಿಮಾಗಳು, ಸಂಬಳದ ಪಟ್ಟಿಗಳು, ಹಾಲಿ ಮತ್ತು ಮಾಜಿ ನೌಕರರೂ ಕಲಾವಿದರೂ ಸೇರಿದಂತೆ ಸುಮಾರು 47,000 ಮಂದಿಯ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳು (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆಗಳು) ಒಂದೊಂದಾಗಿ ಅಂತರ್ಜಾಲಕ್ಕೆ ಬಂದವು. ಎಂದೋ ಕೆಲಸ ಬಿಟ್ಟುಹೋದವರ ಮಾಹಿತಿ ಕಂಪನಿಯ ನೆಟ್‌ವರ್ಕ್‌ನಲ್ಲಿ ಏಕಿತ್ತು ಎಂಬ ಪ್ರಶ್ನೆಗೆ ಯಾವ ದೇಶದ ಗೂಢಚಾರರನ್ನೂ ದೂರಿ ಉತ್ತರಿಸಲಾಗದು. ಇಟ್ಟುಕೊಳ್ಳದ ಮಾಹಿತಿಯನ್ನು ಯಾರೂ ಕದಿಯಲಾರರು. ಐದು ತಿಂಗಳಲ್ಲಿ ಇಡೀ ಕಂಪನಿಯನ್ನು ಅಭೇದ್ಯ ಕೋಟೆಯಾಗಿಸುವುದು ಸಾಧ್ಯವಿರಲಿಲ್ಲ ಎಂದು ಒಪ್ಪುತ್ತೇನೆ. ಆದರೆ ಹಳೆಯ ಕಡತಗಳನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸುವುದು, ವೇತನ ವ್ಯವಸ್ಥೆಯನ್ನು ಪ್ರತ್ಯೇಕಿಸುವುದು, ಬ್ಯಾಕಪ್ ಪ್ರತಿಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸುವುದು ಇವೆಲ್ಲ ಐದು ತಿಂಗಳಿಗೆ ಮೀರಿದ ಕೆಲಸಗಳಲ್ಲ. ಕೊನೆಗೆ ಹಳೆಯ ಬ್ಲ್ಯಾಕ್‌ಬೆರಿ ಫೋನುಗಳನ್ನು ಗೋದಾಮಿನಿಂದ ಹೊರತೆಗೆದು, ಹಳೆಯ ಯಂತ್ರಗಳಲ್ಲಿ ಸಂಬಳದ ಚೆಕ್ ಮುದ್ರಿಸುವ ಸ್ಥಿತಿ ಬಂತು.

ಡಿಸೆಂಬರ್ 16ರಂದು ಬೆದರಿಕೆ ಚಿತ್ರಮಂದಿರಗಳ ಕಡೆಗೆ ತಿರುಗಿತು. 2001ರ ಸೆಪ್ಟೆಂಬರ್ 11ನ್ನು ನೆನಪಿಸಿಕೊಳ್ಳಿ ಎಂದಿತ್ತು ಆ ಸಂದೇಶ. ಅಂಥ ಸಂಚು ನಡೆಯುತ್ತಿರುವುದಕ್ಕೆ ನಂಬಲರ್ಹ ಮಾಹಿತಿ ಇಲ್ಲವೆಂದು ಅಮೆರಿಕದ ಆಂತರಿಕ ಭದ್ರತಾ ಇಲಾಖೆ ಹೇಳಿದರೂ ದೊಡ್ಡ ಚಿತ್ರಮಂದಿರ ಸರಪಳಿಗಳು ಹಿಂದೆ ಸರಿದವು. ಅವರನ್ನು ಸುಲಭವಾಗಿ ಹೇಡಿಗಳೆನ್ನಲು ನನಗೆ ಮನಸ್ಸಾಗುವುದಿಲ್ಲ. 2012ರ ಜುಲೈನಲ್ಲಿ ಕೊಲರಾಡೊದ ಅರೋರಾದಲ್ಲಿ ಸಿನೆಮಾರ್ಕ್ ಸಂಸ್ಥೆಯ ಚಿತ್ರಮಂದಿರದೊಳಗೆ ಗುಂಡಿನ ದಾಳಿ ನಡೆದು 12 ಮಂದಿ ಸತ್ತಿದ್ದರು, ಅದರ ಸಂಬಂಧ ಆ ಸಂಸ್ಥೆ ಇನ್ನೂ ಮೊಕದ್ದಮೆ ಎದುರಿಸುತ್ತಿತ್ತು. ಮುನ್ಸೂಚನೆಯೇ ಇಲ್ಲದ ದಾಳಿಗೇ ನ್ಯಾಯಾಲಯ ಹತ್ತಬೇಕಾದವರು, ಲಿಖಿತ ಬೆದರಿಕೆ ಕೈಯಲ್ಲಿರುವಾಗ ಬಾಗಿಲು ತೆರೆಯಲು ಹಿಂಜರಿದದ್ದು ಸಹಜ. ಹಿಂದೆ ಸರಿಯುವ ಸ್ವಾತಂತ್ರ್ಯ ನಿಮಗಿದೆ ಎಂದು ಚಿತ್ರಮಂದಿರಗಳಿಗೆ ಹೇಳಿದ್ದೂ ಸೋನಿಯೇ, ಅವರು ಸರಿದ ಮೇಲೆ ಬೇರೆ ದಾರಿ ಇರಲಿಲ್ಲ ಎಂದದ್ದೂ ಸೋನಿಯೇ.

ಅಧ್ಯಕ್ಷ ಒಬಾಮ ಡಿಸೆಂಬರ್ 19ರಂದು ಕಂಪನಿ ತಪ್ಪು ಮಾಡಿತು, ಮೊದಲು ತನ್ನೊಡನೆ ಮಾತನಾಡಬಹುದಿತ್ತು ಎಂದರು. ಸ್ಟುಡಿಯೊ ಮುಖ್ಯಸ್ಥ ಮೈಕೆಲ್ ಲಿಂಟನ್, ತಾವು ಮಣಿದಿಲ್ಲ, ಚಿತ್ರವನ್ನು ಆನ್‌ಲೈನ್‌ನಲ್ಲಿ ಹಂಚಲು ದೊಡ್ಡ ವೇದಿಕೆಗಳು ಮುಂದೆ ಬರಲಿಲ್ಲ ಎಂದರು. ಆದರೆ ಐದೇ ದಿನಗಳಲ್ಲಿ, ಡಿಸೆಂಬರ್ 24ರಂದು, ಅದೇ ಚಿತ್ರ ಯೂಟ್ಯೂಬ್, ಗೂಗಲ್ ಪ್ಲೇ, ಎಕ್ಸ್‌ಬಾಕ್ಸ್ ವಿಡಿಯೊ ಮತ್ತು ಒಂದು ಪ್ರತ್ಯೇಕ ಜಾಲತಾಣದಲ್ಲಿ 5.99 ಡಾಲರ್ ಬಾಡಿಗೆಗೆ ಸಿಕ್ಕಿತು. ಮರುದಿನ ಮುನ್ನೂರಕ್ಕೂ ಹೆಚ್ಚು ಸ್ವತಂತ್ರ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಮೊದಲ ನಾಲ್ಕು ದಿನಗಳಲ್ಲಿ ಆನ್‌ಲೈನ್‌ನಿಂದ 1.5 ಕೋಟಿ ಡಾಲರ್, ಜನವರಿ ಮೂರನೇ ವಾರದ ಹೊತ್ತಿಗೆ 4 ಕೋಟಿ ಡಾಲರ್ ಗಳಿಕೆಯಾಯಿತು. ಸುಮಾರು 4.4 ಕೋಟಿ ಡಾಲರ್ ವೆಚ್ಚದ ಚಿತ್ರಕ್ಕೆ ಪ್ರಚಾರದ ಖರ್ಚನ್ನು ಸೇರಿಸಿದರೆ ಇದು ಲಾಭವಲ್ಲ. ಗಮನಿಸಬೇಕಾದದ್ದು ದಾರಿ ಇತ್ತು ಎಂಬುದನ್ನು. ಅದನ್ನು ಜೂನ್‌ನಲ್ಲಿಯೇ ಯೋಚಿಸದಿರಲು ಬಹುಶಃ ಭದ್ರತೆಗಿಂತ ವ್ಯಾಪಾರವೇ ಕಾರಣ: ಚಿತ್ರಮಂದಿರದ ಪ್ರದರ್ಶನಕ್ಕೂ ಆನ್‌ಲೈನ್ ಬಿಡುಗಡೆಗೂ ನಡುವೆ ತಿಂಗಳುಗಳ ಅಂತರವಿರಬೇಕೆಂಬ ಹಾಲಿವುಡ್‌ನ ಪದ್ಧತಿಯನ್ನು ಮುರಿಯಲು ಯಾವ ಸ್ಟುಡಿಯೊ ಕೂಡ ತಾನಾಗಿ ಮುಂದಾಗುತ್ತಿರಲಿಲ್ಲ. ಬೆದರಿಕೆಗೆ ಒಳಗಾದ ಚಿತ್ರದ ವಿಷಯದಲ್ಲಾದರೂ ಈ ಪದ್ಧತಿಗೆ ವಿನಾಯಿತಿಯನ್ನು ಮೊದಲೇ ಒಪ್ಪಂದದಲ್ಲಿ ಬರೆದಿಟ್ಟುಕೊಳ್ಳಬೇಕು. ಒಂದೇ ಬಾಗಿಲಿನಿಂದ ಹೊರಬರುವ ಸಿನಿಮಾವನ್ನು ತಡೆಯಲು ಆ ಬಾಗಿಲಿನವನನ್ನು ಹೆದರಿಸಿದರೆ ಸಾಕು.

ನಮ್ಮಲ್ಲಿ ಬೆದರಿಕೆ ಹ್ಯಾಕರ್‌ಗಳಿಗಿಂತ ಬೀದಿಯಿಂದ ಬರುವುದೇ ಹೆಚ್ಚು. ಪ್ರತಿಭಟನೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ತಡೆಯುವಂತಿಲ್ಲ, ರಕ್ಷಣೆ ಕೊಡುವುದು ಸರ್ಕಾರದ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರ ರಂಗರಾಜನ್ ಪ್ರಕರಣದಲ್ಲೇ ಹೇಳಿದೆ. ಆದರೂ 2025ರ ಜೂನ್‌ನಲ್ಲಿ ‘ಥಗ್ ಲೈಫ್’ ಚಿತ್ರ ಕರ್ನಾಟಕದಲ್ಲಿ ನಿಗದಿತ ದಿನ ತೆರೆಕಾಣದೆ, ಅದೇ ನ್ಯಾಯಾಲಯ ಅದೇ ಮಾತನ್ನು ರಾಜ್ಯ ಸರ್ಕಾರಕ್ಕೆ ಮತ್ತೆ ಹೇಳಬೇಕಾಯಿತು. ವಿರೋಧಕ್ಕೆ ಕಾರಣವಾದ, ಚಿತ್ರದ ನಟ ಕಮಲ್ ಹಾಸನ್ ಕನ್ನಡ ಭಾಷೆಯ ಬಗ್ಗೆ ಆಡಿದ ಮಾತು ನನಗೂ ಒಪ್ಪಿಗೆಯಾಗಿರಲಿಲ್ಲ, ಆದರೆ ಅದು ಬೇರೆ ವಿಷಯ.

ದಾಳಿ ಯಾರದು ಎಂಬ ತೀರ್ಮಾನಕ್ಕೆ ಕಾಯುವುದೂ ಕಂಪನಿಗೆ ಉಪಯೋಗವಿಲ್ಲ. ಎಫ್‌ಬಿಐ ಡಿಸೆಂಬರ್ 19ರಂದೇ ಉತ್ತರ ಕೊರಿಯಾವನ್ನು ಹೆಸರಿಸಿದರೂ ಕೆಲವು ಭದ್ರತಾ ತಜ್ಞರು ಅನುಮಾನಪಟ್ಟರು. ಪಾರ್ಕ್ ಜಿನ್ ಹ್ಯೋಕ್ ಎಂಬ ಉತ್ತರ ಕೊರಿಯಾದ ಪ್ರೋಗ್ರಾಮರ್ ಮೇಲಿನ ಆರೋಪವನ್ನು ಅಮೆರಿಕ ಬಹಿರಂಗಪಡಿಸಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಕದ್ದವರು ಯಾರೇ ಆಗಿರಲಿ, ಮಾಹಿತಿ ಕಳೆದುಕೊಂಡ ನೌಕರರ ಪಾಲಿಗೆ ಮೊದಲ ವಾರದ ಅಗತ್ಯಗಳು ಒಂದೇ: ಏನು ಹೋಗಿದೆ, ಬ್ಯಾಂಕಿಗೆ ಏನು ಹೇಳಬೇಕು, ಕಂಪನಿ ಎಷ್ಟು ಕಾಲ ಜೊತೆಗಿರುತ್ತದೆ. ಸೋನಿ ಅವರಿಗೆ ಕೊಟ್ಟದ್ದು 12 ತಿಂಗಳ ಗುರುತು ರಕ್ಷಣಾ ಸೇವೆ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯಾದರೋ ಜೀವಮಾನಕ್ಕೆ ಒಂದೇ. ನೌಕರರು ಹೂಡಿದ ಮೊಕದ್ದಮೆಯಲ್ಲಿ ವಕೀಲರ ಶುಲ್ಕವೂ ಸೇರಿ ಸುಮಾರು 80 ಲಕ್ಷ ಡಾಲರ್‌ವರೆಗಿನ ರಾಜಿಯಾದ ಮೇಲೆ, ಆ ಸೇವೆಯನ್ನು 2017ರ ಕೊನೆಯವರೆಗೆ ವಿಸ್ತರಿಸಲಾಯಿತು.