ಕಾಂಕ್ರೀಟ್ ತೆಗೆದ ಅಂಗಳ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಅಂಗಳವಿದೆ. ಮಳೆಗಾಲದಲ್ಲಿ ಕೆಸರು ಕಾಲಿಗಂಟಿ ಮನೆಯೊಳಗೆ ಬರುತ್ತದೆಂದು ನಮ್ಮ ತಂದೆಯವರು 2003ರಲ್ಲಿ ಅದಕ್ಕೆ ಕಾಂಕ್ರೀಟ್ ಹಾಕಿಸಿದ್ದರು. ಅಮ್ಮನಿಗೆ ಅದು ಒಗ್ಗಿಹೋಗಿತ್ತು; ಬೇಸಿಗೆಯ ಸಂಡಿಗೆ ಹಪ್ಪಳಗಳು ಒಣಗುತ್ತಿದ್ದುದೂ ದಿನದಿನದ ರಂಗೋಲಿ ಅರಳುತ್ತಿದ್ದುದೂ ಅದರ ಮೇಲೆಯೇ. ಆದರೆ ಏಪ್ರಿಲ್ ಬಿಸಿಲಿಗೆ ಕಾದ ಆ ನೆಲ ರಾತ್ರಿ ಒಂಬತ್ತಾದರೂ ಆರುತ್ತಿರಲಿಲ್ಲ, ಮಳೆ ಬಂದರೆ ಹನಿಯೂ ಇಂಗದೆ ನೀರೆಲ್ಲ ಗೇಟಿನಡಿಯಿಂದ ಚರಂಡಿ ಸೇರುತ್ತಿತ್ತು. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಮ್ಮ ಅಂಗಳ ಸುಮಾರು 28 ಚದರ ಮೀಟರ್. 20 ಮಿಲಿಮೀಟರ್‌ನ ಒಂದೇ ಮಳೆಗೆ 560 ಲೀಟರ್ ನೀರು ರಸ್ತೆಪಾಲಾಗುತ್ತಿತ್ತು. ಈ ಲೆಕ್ಕವನ್ನು ಅಮ್ಮನ ಮುಂದಿಟ್ಟು, ಕಾಂಕ್ರೀಟ್ ತೆಗೆಸಿ ಹುಲ್ಲು ಬೆಳೆಸೋಣ ಎಂದಾಗ ಅವರು ಒಂದೇ ಷರತ್ತು ಹಾಕಿದರು: ಹೊಸ್ತಿಲ ಮುಂದಿನ ಮೂರಡಿ ರಂಗೋಲಿಗೆ ಉಳಿಯಬೇಕು. ಅಲ್ಲಿ ಕಲ್ಲು ಚಪ್ಪಡಿ ಹಾಸುವುದೆಂದು ಒಪ್ಪಿಕೊಂಡೆವು.

ಒಡೆಯುವ ದಿನ ಮೂವರು ಕೆಲಸಗಾರರು ಬ್ರೇಕರ್ ಯಂತ್ರ, ಹಾರೆ, ಪಿಕಾಸಿಗಳೊಂದಿಗೆ ಬೆಳಗ್ಗೆ ಎಂಟಕ್ಕೇ ಬಂದರು. ನಾಲ್ಕು ಅಂಗುಲ ದಪ್ಪದ ಕಾಂಕ್ರೀಟ್ ಎಂದರೆ ಅಷ್ಟು ಜಾಗಕ್ಕೆ ಏಳು ಟನ್ನಿನ ಹತ್ತಿರ ತೂಕವಾಗುತ್ತದೆ. ಎರಡು ಟ್ರ್ಯಾಕ್ಟರ್ ತುಂಬಿ ಅದು ಯಾರದೋ ಪಾಯದ ಭರ್ತಿಗೆ ಹೋಯಿತು. ಅದರ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ಕೆಮ್ಮಣ್ಣು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಾಳಿ, ನೀರು, ಬೇರು ಯಾವುದನ್ನೂ ಕಾಣದ ಆ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಒಂದು ಹೆಂಟೆಯನ್ನು ಕೈಯಲ್ಲಿ ಪುಡಿಮಾಡಿ ಮೂಸಿ ನೋಡಿದೆ, ಮಣ್ಣಿನ ವಾಸನೆಯೇ ಇರಲಿಲ್ಲ. ಅದೆಷ್ಟು ಅಗೆದರೂ ಒಂದು ಎರೆಹುಳುವೂ ಸಿಗಲಿಲ್ಲ. ಆ ಸಂಜೆ ನನಗಾದ ಸಂಕಟ ಇಂದಿಗೂ ನೆನಪಿದೆ.

ಒಂದಡಿ ಆಳಕ್ಕೆ ಅಗೆಸಿ, ಕೊಟ್ಟಿಗೆ ಗೊಬ್ಬರ, ಮರಳು, ಸ್ವಲ್ಪ ಬೇವಿನ ಹಿಂಡಿ ಬೆರೆಸಿ, ಎರಡು ವಾರ ನೀರುಣಿಸಿ ಬಿಟ್ಟೆವು. ನರ್ಸರಿಯಲ್ಲಿ ಮೆಕ್ಸಿಕನ್ ಹುಲ್ಲಿನ ಹಾಸುಗಳನ್ನು ತೋರಿಸಿದರು. ನೋಡಲು ಅದು ಮಖಮಲ್ಲಿನಂತಿತ್ತು, ನಿಜ. ಆದರೂ ನಾನು ಆರಿಸಿಕೊಂಡದ್ದು ನಮ್ಮ ಗರಿಕೆಯನ್ನೇ. ನೀರಿಲ್ಲದಾಗ ಒಣಗಿದಂತೆ ಕಂಡರೂ ನೆಲದೊಳಗಿನ ಕಾಂಡದಲ್ಲಿ ಜೀವ ಹಿಡಿದಿಟ್ಟುಕೊಂಡು ಮೊದಲ ಮಳೆಗೇ ಚಿಗುರುವ ಹುಲ್ಲು ಅದು. ನೆರಳನ್ನು ಮಾತ್ರ ಅದು ಸಹಿಸದು. ನಮ್ಮ ಅಂಗಳಕ್ಕೆ ಬಿಸಿಲಿನ ಕೊರತೆಯಿರಲಿಲ್ಲ. ರೋಹಿಣಿ ಮಳೆ ಹಿಡಿದಾಗ, ಎರಡು ಮೂರು ಗಿಣ್ಣುಗಳಿರುವಂತೆ ಬಳ್ಳಿಗಳನ್ನು ಕತ್ತರಿಸಿ ನಾಲ್ಕು ಅಂಗುಲಕ್ಕೊಂದರಂತೆ ನೆಟ್ಟೆವು. ಆಮೇಲಿನ ಕೆಲಸವೆಲ್ಲ ಜೇಕು ಎಂಬ ಕಳೆಯನ್ನು ಕೀಳುವುದು.

ಜುಲೈ ಹೊತ್ತಿಗೆ ನಡುವಿನ ಭಾಗ ಹಸಿರಾಯಿತು, ಕಾಂಪೌಂಡ್ ಗೋಡೆಯ ಉದ್ದಕ್ಕೂ ಎರಡಡಿ ಪಟ್ಟಿಯಲ್ಲಿ ಮಾತ್ರ ಎಳೆಯ ಎಲೆಗಳು ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿದವು. ನೀರು ಸಾಲದೆಂದುಕೊಂಡು ಇನ್ನಷ್ಟು ಹಾಕಿದೆ; ಅದು ನನ್ನ ತಪ್ಪು. ಕೊನೆಗೆ ಅಗೆದು ನೋಡಿದಾಗ, ಒಡೆದ ದಿನ ಅಂಚಿಗೆ ಗುಡಿಸಿದ್ದ ಕಾಂಕ್ರೀಟ್ ಚೂರುಗಳೂ ಸಿಮೆಂಟ್ ಧೂಳೂ ಮಣ್ಣಿನಲ್ಲಿ ಹಾಗೆಯೇ ಉಳಿದಿದ್ದವು. ಸಿಮೆಂಟಿನ ಸುಣ್ಣದಂಶ ಮಣ್ಣನ್ನು ಕ್ಷಾರೀಯವಾಗಿಸುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ದಕ್ಕುವುದಿಲ್ಲ; ಎಲೆಗಳು ಹಳದಿಯಾದದ್ದು ಅದಕ್ಕೇ. ಆ ಪಟ್ಟಿಯ ಮಣ್ಣನ್ನೆಲ್ಲ ತೆಗೆದು, ಬೇರೆ ಮಣ್ಣನ್ನೂ ಎರೆಗೊಬ್ಬರವನ್ನೂ ತುಂಬಿ ಮತ್ತೆ ನೆಟ್ಟೆ. ಮೊದಲು ಅಗೆಯಲು ಗಂಟೆಗಟ್ಟಲೆ ಬೇಕಾಗಿದ್ದ ನೆಲ ಈಗ ಗುದ್ದಲಿಗೆ ಸಲೀಸಾಗಿ ಬಿಟ್ಟುಕೊಟ್ಟಿತು, ನಡುವಿನ ಮಣ್ಣಿನಲ್ಲಿ ಎರಡು ಎರೆಹುಳುಗಳೂ ಕಂಡವು. ಅಮ್ಮನನ್ನು ಕೂಗಿ ಕರೆದು ತೋರಿಸಿದೆ.

ಅಕ್ಟೋಬರಿನ ಚಿತ್ತಾ ಮಳೆ ಒಂದು ರಾತ್ರಿ ಗುಡುಗಿನೊಂದಿಗೆ ಒಂದು ಗಂಟೆ ಎಡೆಬಿಡದೆ ಸುರಿಯಿತು. ಕೊಡೆ ಹಿಡಿದು, ಟಾರ್ಚ್ ತೆಗೆದುಕೊಂಡು ಗೇಟಿನ ಬಳಿ ನಿಂತೆ. ರಸ್ತೆಯಲ್ಲಿ ನೀರು ಮೊಣಕಾಲಿನ ಕೆಳಗೆ ಹರಿಯುತ್ತಿತ್ತು, ನಮ್ಮ ಗೇಟಿನಡಿಯಿಂದ ಅದಕ್ಕೆ ಸೇರುತ್ತಿದ್ದುದು ಬೆರಳಗಲದ ಒಂದು ಧಾರೆಯಷ್ಟೇ, ಅದೂ ಚಪ್ಪಡಿ ಕಲ್ಲಿನ ಮೇಲಿನದು. ಹುಲ್ಲಿನ ಮೇಲೆ ಒಂದು ಮೂಲೆಯಲ್ಲಿ ಮಾತ್ರ ನೀರು ನಿಂತಿತ್ತು. ಬೆಳಗ್ಗೆ ಅಲ್ಲಿ ಹಾರೆಯಿಂದ ತೂತು ಹಾಕಿ ಮರಳು ತುಂಬಿದೆ.